ಹೊಸ್ತಿಲಿನ ಎರಡು ಕೆಂಪು ಗುರುತು

'ಅಕ್ಟೋಬರ್ ಹನ್ನೊಂದು, ಶುಕ್ರವಾರ. ನಮ್ಮವರ ಕಚೇರಿಯಲ್ಲಿ ಆಯುಧಪೂಜೆ. ಎಲ್ಲವೂ ಸಾಂಗ.' ನನ್ನ ಹಳೆಯ ದಿನಚರಿಯಲ್ಲಿ ಹೀಗಿದೆ. ಸಾಂಗ ಎಂದು ನಾನು ಬರೆದಿಟ್ಟದ್ದೆಲ್ಲ ಒಂದಲ್ಲ ಒಂದು ದಿನ ನನ್ನ ಮುಖಕ್ಕೇ ರಾಚುತ್ತದೆ.

ಆ ಕಚೇರಿ ಕುವೈತ್ ಹಳೇಪೇಟೆಯ ಎರಡು ಕೋಣೆಯ ಕಟ್ಟಡ. ಮುತ್ತಿನ ವ್ಯಾಪಾರದ ಕಾಲದ ಹವಳಗಲ್ಲು, ಮಣ್ಣಿನ ಗಾರೆ. ಮರುವರ್ಷ ಕಂಪನಿ ಪೇಟೆಯಾಚೆಯ ಅರ್ದಿಯಾಕ್ಕೆ ಹೋಯಿತು. ಕಟ್ಟಡದ ಮಾಲೀಕರು ಅದನ್ನು ಕಾಪಾಡಿ ಜನರಿಗೆ ತೋರಿಸಬೇಕೆಂದರು. ನಾನು ಇತಿಹಾಸದಲ್ಲಿ ಎಂ.ಎ., ದಿನಚರಿ ಬರೆಯುವವಳು. ಸಲಹೆಗೆ ನನ್ನನ್ನೇ ಕರೆದರು. ಬಾಗಿಲ ಫಲಕದಲ್ಲಿ ಹೆಸರೂ ಹಾಕುವರಂತೆ. ನಾವಿರುವ ಸಲ್ವಾ ಬಡಾವಣೆಯಲ್ಲಿ ಈ ಸುದ್ದಿಯನ್ನು ನನ್ನ ಬಾಯಿಂದ ಕೇಳದ ಕನ್ನಡದ ಮನೆಯಿಲ್ಲ.

೧

ಮೊದಲ ದಿನವೇ ಗೋಡೆಯ ಕೊಳೆ ಕಂಡು ಕೈ ಸುಮ್ಮನಿರಲಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಒರೆಸಿದಷ್ಟೂ ಬಂತು. ದುರಸ್ತಿ ನೋಡಿಕೊಳ್ಳುತ್ತಿದ್ದ ಮಂಗಳೂರಿನ ಇಂಜಿನಿಯರ್ ಓಡಿಬಂದ.

"ಎಂತ ಮಾಡ್ತಿದ್ದೀರಿ ಆಂಟಿ?"

"ಎಷ್ಟು ಕೊಳೆ ನೋಡಪ್ಪ!"

"ಅದು ಕೊಳೆ ಅಲ್ಲ ಆಂಟಿ, ಗೋಡೆ."

೨

ನಮ್ಮ ಕನ್ನಡ ಬಳಗದವರನ್ನು ಕರೆದೊಯ್ದು ಗೋಡೆಯ ಕಪ್ಪು ಕಲೆ ತೋರಿಸಿದೆ. "ಕರೆಂಟು ಬರುವ ಮುಂಚೆ ಇಲ್ಲಿ ದೀಪ ಉರೀತಿತ್ತು. ಇದು ಅದರ ಮಸಿ." ಎಲ್ಲರೂ ಭಕ್ತಿಯಿಂದ ಫೋಟೊ ತೆಗೆದರು. ನಮ್ಮವರು ಕೆಮ್ಮಿದರು.

"ಏನ್ರೀ?"

"ಏನಿಲ್ಲ. ನನ್ನ ಕುರ್ಚಿ ಅಲ್ಲೇ ಇತ್ತು. ತಲೆ ಆನಿಸ್ಕೊಂಡು ಕೂರ್ತಿದ್ದೆ. ದಿನಾ ಕೊಬ್ಬರಿ ಎಣ್ಣೆ ಹಚ್ಚಿ ಕಳಿಸ್ತಿದ್ದೋಳು ನೀನೇ."

೩

ಹೊಸ್ತಿಲ ಮೇಲಿನ ಹಾಸು ಎತ್ತಿದಾಗ ಕಲ್ಲಿನ ಎರಡು ತುದಿಗೂ ಒಂದೊಂದು ದುಂಡನೆಯ ಕೆಂಪು ಗುರುತು. ಅಲ್ಲಿ ಕಲ್ಲು ತುಸು ತಿಂದುಹೋಗಿತ್ತು. ಹೊರದೇಶದ ತಜ್ಞರು 'ಮುತ್ತಿನ ವ್ಯಾಪಾರಿಯ ಮುದ್ರೆ' ಎಂದು ಬರೆದರು. ಇಂಜಿನಿಯರ್ ಅದನ್ನು ನನ್ನ ಮುಂದಿಟ್ಟ.

"ನೀವು ಸರಿ ಅಂದ್ರೆ ಫಲಕಕ್ಕೆ ಹೋಗ್ತದೆ ಆಂಟಿ."

ಆಯುಧಪೂಜೆಯ ದಿನ ನಿಂಬೆಹಣ್ಣು ಹೋಳು ಮಾಡಿ, ಕುಂಕುಮ ಮೆತ್ತಿ, ಹೊಸ್ತಿಲ ಎರಡೂ ಕಡೆ ಹಿಂಡಿಟ್ಟವಳು ನಾನೇ. ಅದರ ಹುಳಿಯೇ ಕಲ್ಲನ್ನು ತಿಂದಿತ್ತು.

ಪಕ್ಕದಲ್ಲಿದ್ದ ನಮ್ಮವರು ಪಿಸುಗುಟ್ಟಿದರು: "ಸುಮ್ನಿರೇ. ಮುತ್ತಿನ ವ್ಯಾಪಾರಿ ಎದ್ದು ಬಂದು ಕೇಳ್ತಾನಾ?"

ಹೂಂ ಎಂದರೆ ಫಲಕದಲ್ಲಿ ನನ್ನ ಹೆಸರಿರುತ್ತಿತ್ತು, ಅದರ ಕೆಳಗೇ ಸುಳ್ಳೂ ಇರುತ್ತಿತ್ತು. ತಲೆ ತಗ್ಗಿಸಿ ನಿಜ ಹೇಳಿಬಿಟ್ಟೆ.

"ನಂಗೆ ನೋಡಿದ ಕೂಡ್ಲೇ ಗೊತ್ತಾಗಿತ್ತು ಮಾರಾಯ್ರೆ," ಎಂದ ಇಂಜಿನಿಯರ್. "ಊರಲ್ಲಿ ನಮ್ಮ ಪಕ್ಕದ ಮನೆಯವರು ಕಾರಿಗೆ ಹೀಗೇ ಮಾಡ್ತಾರೆ. ನೀವು ಹೇಳ್ತೀರಾ ಅಂತ ಕಾಯ್ತಿದ್ದೆ."

ಫಲಕದಲ್ಲಿ ಈಗ ನಾನಿದ್ದೇನೆ. ಸಲಹೆಗಾರರ ಸಾಲಿನಲ್ಲಲ್ಲ, ಹೊಸ್ತಿಲ ಪಕ್ಕದಲ್ಲಿ: 'ಗುರುತುಗಳು ಈಚಿನವು. ಉದ್ಯೋಗಿಯೊಬ್ಬರ ಪತ್ನಿಯಿಂದ ಆದವು.'

ಕೊನೆಗೆ ತಗಲಿದ ಖರ್ಚು: ಹೆಸರು ಒಂದು, ನಿಂಬೆಹಣ್ಣು ಒಂದು.