ಎಮ್ಮೆಯ ಕಡೆಗೆ ತಿರುಗಿದ ಯಂತ್ರ

ನನಗೊಂದು ಚಟವಿದೆ. ಯಾವ ವಸ್ತು ಕಂಡರೂ ಅದರ ಹಿಂಭಾಗ ನೋಡದೆ ಸಮಾಧಾನವಾಗುವುದಿಲ್ಲ. ಹೆಣ್ಣು ನೋಡಲು ಹೋದಾಗಲೂ ಮಾವನವರ ಗೋಡೆ ಗಡಿಯಾರವನ್ನು ಕೆಳಗಿಳಿಸಿ ಹಿಂದೆ ಇಣುಕಿದವನು ನಾನು. ಹುಡುಗಿಯನ್ನು ಸರಿಯಾಗಿ ನೋಡಲೇ ಇಲ್ಲವೆಂಬ ಮಾತು ಇಂದಿಗೂ ಮನೆಯಲ್ಲಿ ಏಳುತ್ತದೆ. ಇಂಥ ನಾನು, ಸಿಂದಗಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದವನು, ಒಂದೇ ಒಂದು ಯಂತ್ರದ ಹಿಂಭಾಗವನ್ನು ಮರೆತೆ.

ಎಪ್ಪತ್ತರ ದಶಕದ ಮಾತು. ಸೊಲ್ಲಾಪುರದ ಗುಜರಿಯಲ್ಲಿ ಕಿಟಕಿಗೆ ಕೂಡಿಸುವ ಹಳೆಯ ತಂಪುಯಂತ್ರವೊಂದು ಸಿಕ್ಕಿತು. ಅದು ತಂಪನ್ನು ಹುಟ್ಟಿಸುವುದಿಲ್ಲ, ಕೋಣೆಯ ಶಾಖವನ್ನು ಎತ್ತಿ ಆಚೆ ಹಾಕುತ್ತದೆ, ಅಷ್ಟೆ. ಹಾಗಾದರೆ ಚಳಿಗಾಲದಲ್ಲಿ ಅದನ್ನೇ ತಿರುಗಿಸಿ ಕೂಡಿಸಿದರೆ ಆಚೆಯ ಶಾಖ ಒಳಗೆ ಬರಬೇಕಲ್ಲ? ಈ ಪ್ರಶ್ನೆ ನನ್ನನ್ನು ವಾರಗಟ್ಟಲೆ ಕುಣಿಸಿತು. ಆದರೆ ನಮ್ಮ ಮಣ್ಣಿನ ಮಾಳಿಗೆಯ ಮನೆಗೆ ಕಿಟಕಿಯೇ ಇಲ್ಲ. ಬೆಳಕೆಲ್ಲ ಮೇಲಿನ ಬೆಳಕಿಂಡಿಯಿಂದ. ದಪ್ಪ ಹೊರಗೋಡೆ ಒಡೆಯಲು ಅವ್ವ ಬಿಡಲಿಲ್ಲ. ತಲೆಬಾಗಿಲ ಒಳಗೇ, ನನ್ನ ಕೋಣೆಯ ಪಕ್ಕದಲ್ಲಿ, ಅವ್ವನ ಎಮ್ಮೆ ಗೌರಿಯನ್ನು ಕಟ್ಟುತ್ತಿದ್ದೆವು. ನಡುವಿನ ತೆಳು ಗೋಡೆಯನ್ನೇ ಕೊರೆದು ಯಂತ್ರ ಕೂಡಿಸಿದೆ.

ಬೇಸಿಗೆಯಲ್ಲಿ ಕರೆಂಟು ಇದ್ದಷ್ಟು ಹೊತ್ತು ನಾನೇ ಮಹಾರಾಜ. ವಾರ ಕಳೆಯುವುದರಲ್ಲಿ ಅವ್ವ ಹಾಲಿನ ಚರಿಗೆಯನ್ನು ತಂದು ಮುಂದಿಟ್ಟಳು. ಅರ್ಧವೂ ತುಂಬಿರಲಿಲ್ಲ.

"ನೀ ಒಳಗ ತಣ್ಣಗ ಕುಂತೀದಿ. ನಿನ್ನ ಸೆಕಿ ಎಲ್ಲಾ ಗೌರಿ ಮೈಮ್ಯಾಲ ಬರಾಕತ್ತೈತಿ."

ನಾಚಿಕೆಯಾಗಿ ಯಂತ್ರ ನಿಲ್ಲಿಸಿದೆ. ಚಟ ಮಾತ್ರ ನಿಲ್ಲಲಿಲ್ಲ. ಚಳಿಗಾಲ ಬಂದದ್ದೇ ತಡ, ಯಂತ್ರವನ್ನು ಹಿಂದುಮುಂದಾಗಿ ಕೂಡಿಸಿದೆ. ಕೋಣೆ ನಿಜವಾಗಿಯೂ ಬೆಚ್ಚಗಾಯಿತು. ನನ್ನ ಲೆಕ್ಕಾಚಾರ ಸರಿಹೋಯಿತೆಂದು ಹಿಗ್ಗಿ, ಮೂರನೆಯ ದಿನ ಮುಂಜಾನೆ ಹೊರಗೆ ಬಂದು ನೋಡುತ್ತೇನೆ: ಗೌರಿಯ ಮೈಮೇಲೆ ಅವ್ವನ ಕಂಬಳಿ, ಅವ್ವನ ಕೈಯಲ್ಲಿ ಸೀರೆಯ ಗಂಟು.

"ಬ್ಯಾಸಗ್ಯಾಗ ಸುಟ್ಟಿ, ಈಗ ನಡಗಸಾಕತ್ತಿ. ನಾ ಎಮ್ಮಿ ಹೊಡ್ಕೊಂಡು ತಾಂಬಾ ಊರಾಗಿನ ನಿನ್ನ ತಮ್ಮನ ಮನಿಗೆ ಹೊಂಟೀನಿ."

ಅವ್ವ ಹೇಳಿದರೆ ಮಾಡುವವಳೇ. ನನಗೆ ನಿಜಕ್ಕೂ ಹೆದರಿಕೆಯಾಯಿತು. ಅವಳಿಲ್ಲದ ಮನೆಯನ್ನು ನಾನು ಕನಸಿನಲ್ಲೂ ನೆನೆದವನಲ್ಲ.

"ಹೋಗಬ್ಯಾಡವ್ವ. ನನಗ ಥಂಡಿ ತಡಿಯೂದಿಲ್ಲ, ಅದಕ್ಕ ಮಾಡಿದೆ" ಎಂದೆ.

ಅವಳು ಗಂಟು ಕೆಳಗಿಟ್ಟು ಯಂತ್ರ ಬಂದ್ ಮಾಡಿಸಿದಳು. ನನ್ನ ರಟ್ಟೆ ಹಿಡಿದು ಗೌರಿಯ ಮಗ್ಗುಲಲ್ಲಿ ಗೋಣಿಚೀಲದ ಮೇಲೆ ಕೂಡಿಸಿದಳು. ಸ್ವಲ್ಪ ಹೊತ್ತಿಗೆಲ್ಲ ಮೈ ಬೆಚ್ಚಗಾಯಿತು. ಯಂತ್ರ ಮೂರು ದಿನ ನನಗೆ ಎಳೆದು ತಂದದ್ದು ಗೌರಿಯ ಮೈಯ ಶಾಖವನ್ನೇ.

"ಈ ಸೆಕಿ ಎಲ್ಲಿಂದ ಬರತೈತವ್ವ?"

"ಜ್ವಾಳದ ಕಣಿಕಿ ತಿಂತಾಳಲ್ಲ, ಅದರಿಂದ" ಎಂದು ಅವ್ವ ಗಂಟು ಬಿಚ್ಚಲು ಒಳಗೆ ಹೋದಳು.

ಅಂದಿನಿಂದ ಚಳಿಗಾಲದ ಪರೀಕ್ಷೆಯ ಪೇಪರುಗಳನ್ನು ಅಲ್ಲೇ ಕುಳಿತು ತಿದ್ದತೊಡಗಿದೆ. ಒಮ್ಮೆ ಹೆಡ್‌ಮಾಸ್ತರರು ಪೇಪರಿಗೆ ಅಂಟಿದ ಕಣಿಕಿಯ ಚೂರನ್ನು ಕೊಡವುತ್ತ ಕೇಳಿದರು: "ಮಾಸ್ತರ, ನಿಮ್ಮ ಮಿಷನ್ ಇನ್ನೂ ನಡದೈತೇನ್ರಿ?"

"ನಡದೈತ್ರಿ" ಎಂದೆ.

ಸುಳ್ಳೇನಲ್ಲ. ಈ ಯಂತ್ರದ ಹಿಂಭಾಗವನ್ನು ಮಾತ್ರ ನಾನು ಮರೆಯುವಂತಿಲ್ಲ; ಮರೆತ ದಿನ ಬಾಲ ಸೀದಾ ಮುಖಕ್ಕೆ ಬೀಳುತ್ತದೆ.