ಅಂಗಳದ ದೋಣಿಗೆ ವಿಮೆ

ಬೇಕು ಅನ್ನಿಸಿದ ಮೇಲೆ ಕೊಳ್ಳುವವರು ಕೆಲವರು. ಕೊಂಡ ಮೇಲೆ ಇದು ಯಾಕೆ ಬೇಕಿತ್ತು ಎಂದು ಯೋಚಿಸುವವರು ಉಳಿದವರೆಲ್ಲ. ಶಿರಸಿ ಪೇಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡಿರುವ ನನಗೆ ಈ ಎರಡನೆಯ ಬಗೆಯವರ ಪರಿಚಯ ಚೆನ್ನಾಗಿಯೇ ಇದೆ. ಅವರು ಒಳಗೆ ಬಂದವರೇ ಮೊದಲು ಫ್ರೇಮ್ ಹಾಕಿಕೊಂಡು ಕನ್ನಡಿಯ ಮುಂದೆ ಎಡಕ್ಕೂ ಬಲಕ್ಕೂ ತಿರುಗಿ ಮುಖ ನೋಡಿಕೊಳ್ಳುತ್ತಾರೆ. ಮುಖ ಚೆನ್ನಾಗಿ ಕಂಡರೆ, ಹಾಗಾದರೆ ಕಣ್ಣನ್ನೂ ಒಮ್ಮೆ ಪರೀಕ್ಷೆ ಮಾಡಿಬಿಡಿ ಎನ್ನುತ್ತಾರೆ. ನಾನು ಒಳಗೊಳಗೇ ನಗುತ್ತಿದ್ದೆ. ಈಗ ನಗುವುದಿಲ್ಲ. ಯಾಕೆಂದರೆ ಕಳೆದ ಚಳಿಗಾಲದಲ್ಲಿ ನಾನು ಒಂದು ದೋಣಿ ಕೊಂಡೆ. ನಮ್ಮ ಮನೆ ಇರುವುದು ಪೇಟೆಯೊಳಗೆ. ನಮಗೆ ಅತಿ ಹತ್ತಿರದ ನೀರೆಂದರೆ ಬಚ್ಚಲುಮನೆಯ ಹಂಡೆಯದು. ಅದಕ್ಕಿಂತ ಮುಖ್ಯವಾದ ಮಾತು, ನನಗೆ ಈಜು ಬರುವುದಿಲ್ಲ.

ಕೊಂಡದ್ದು ಯಲ್ಲಾಪುರದ ಕಡೆಯ ಒಬ್ಬ ಗಿರಾಕಿಯಿಂದ. ಅವರು ಹೊಳೆಯ ಹತ್ತಿರ ಹೋಂಸ್ಟೇ ನಡೆಸುತ್ತಿದ್ದರು, ಸಾಕೆನಿಸಿ ನಿಲ್ಲಿಸಿದ್ದರು. ಅವರ ಓದುವ ಕನ್ನಡಕ ಕೊಡಲು ಹೋದವನು ಕೊಟ್ಟಿಗೆಯ ಪಕ್ಕ ಕವುಚಿಟ್ಟಿದ್ದ ಫೈಬರ್ ದೋಣಿಯನ್ನು ನೋಡಿದೆ. ಇಬ್ಬರು ಎದುರುಬದುರು ಕೂರುವಷ್ಟು ದೊಡ್ಡದು, ನೀಲಿ ಬಣ್ಣ, ಎರಡು ಹುಟ್ಟು. ಕನ್ನಡಕ ಕೊಡಲು ಹೋದವನು ಪಿಕಪ್ ವ್ಯಾನಿನ ಮೇಲೆ ದೋಣಿ ಹೇರಿಸಿಕೊಂಡು ಬಂದೆ. ದಾರಿಯುದ್ದಕ್ಕೂ ಜನ ನಿಂತು ನೋಡಿದರು. ಈ ವಯಸ್ಸಿನಲ್ಲಿ ಒಂದಿಷ್ಟು ವ್ಯಾಯಾಮ ಬೇಕಲ್ಲ ಎಂದು ಕೇಳಿದವರಿಗೆಲ್ಲ ಹೇಳಿದೆ. ಅದು ಸುಳ್ಳು. ನಿಜ ಏನೆಂದರೆ, ನನ್ನ ಹೆಂಡತಿ ಸರೋಜೆಯ ತವರು ಮಂಚಿಕೇರಿಯಿಂದ ಆಚೆ, ಹೊಳೆಯ ದಡದಲ್ಲಿ. ಚಿಕ್ಕವಳಿದ್ದಾಗ ಶಾಲೆಗೆ ದೋಣಿಯಲ್ಲೇ ಹೊಳೆ ದಾಟಿ ಹೋಗುತ್ತಿದ್ದಳಂತೆ, ಅದೂ ಕೂತಲ್ಲ, ಪಾಟಿಚೀಲ ಹೆಗಲಿಗೆ ಹಾಕಿಕೊಂಡು ನಿಂತೇ. ಈ ಕಥೆ ಹೇಳುವಾಗ ಅವಳ ಮುಖಕ್ಕೆ ಒಂದು ಕಳೆ ಬರುತ್ತದೆ. ಮದುವೆಯಾಗಿ ಪೇಟೆಗೆ ಬಂದ ಮೇಲೆ ಅವಳು ದೋಣಿ ಹತ್ತಿಲ್ಲ. ಒಮ್ಮೆ ಅವಳನ್ನು ದೋಣಿಯಲ್ಲಿ ಕೂರಿಸಿ ಎದುರಿಗೆ ಕೂತು ನೋಡಬೇಕು ಎಂಬ ಆಸೆ ನನಗಿತ್ತು. ಇದನ್ನು ಹೆಂಡತಿಗೆ ನೇರವಾಗಿ ಹೇಳುವ ಅಭ್ಯಾಸ ನಮ್ಮ ಕಡೆಯ ಗಂಡಸರಿಗಿಲ್ಲ. ಹಾಗಾಗಿ ವ್ಯಾಯಾಮ ಎಂದೆ.

ಸರೋಜೆ ದೋಣಿಯನ್ನು ಒಂದು ಸುತ್ತು ಬಂದಳು. ಹಲಸಿನಕಾಯಿ ಬಲಿತಿದೆಯೋ ಇಲ್ಲವೋ ನೋಡುವಂತೆ ಅಲ್ಲಲ್ಲಿ ಬಡಿದು ನೋಡಿದಳು. ಹೊಳೆ ಬೇಡ, ನಾಳೆಯೇ ನಿನ್ನ ತವರುಮನೆಯ ಹತ್ತಿರದ ಕೆರೆಗೆ ಒಯ್ಯೋಣವೇ ಎಂದು ಕೇಳಿದೆ. ಅವಳು ಸೆರಗಿಗೆ ಕೈ ಒರೆಸಿಕೊಂಡು, "ವಿಮೆ ಮಾಡ್ಸಿ. ಮಾಡ್ಸಿದ ದಿನ ಆನು ಕೂತ್ಕತ್ತೆ" ಎಂದು ಒಳಗೆ ಹೋದಳು. ನಮ್ಮ ಮನೆಮಾತಿನಲ್ಲಿ ಆನು ಎಂದರೆ ನಾನು.

ನನಗೆ ಆಶ್ಚರ್ಯವಾಯಿತು. ಸ್ಕೂಟರಿನ ವಿಮೆಯನ್ನೇ ದಂಡ ಎಂದು ಗೊಣಗುವವಳು ಇವಳು. ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ನನ್ನನ್ನು ಆಡಿಕೊಳ್ಳುವವಳೂ ಇವಳೇ. ಈಗ ನೀರನ್ನೇ ಕಾಣದ ದೋಣಿಗೆ ವಿಮೆ ಕೇಳುತ್ತಿದ್ದಾಳೆ. ಇರಲಿ, ವಿಚಾರಿಸೋಣ ಎಂದುಕೊಂಡೆ. ವಿಚಾರಿಸಲು ದೂರ ಹೋಗಬೇಕಾಗಿಯೂ ಇರಲಿಲ್ಲ. ನಮ್ಮ ಕಡೆ ಪ್ರತಿ ನೆಂಟಸ್ತಿಕೆಯಲ್ಲೂ ಒಬ್ಬ ಪುರೋಹಿತರು, ಒಬ್ಬ ಅಡಿಗೆಯವರು, ಒಬ್ಬ ವಿಮೆ ಏಜೆಂಟ್ ಇದ್ದೇ ಇರುತ್ತಾರೆ. ನಮ್ಮ ಪಾಲಿನ ಏಜೆಂಟ್ ಗಜಾನನ, ಸರೋಜೆಯ ಚಿಕ್ಕಪ್ಪನ ಮಗ. ಮನುಷ್ಯರು, ಕಾರು, ಹಸು, ಪಂಪ್‌ಸೆಟ್ ಎಲ್ಲಕ್ಕೂ ವಿಮೆ ಮಾಡಿಸಿದವನು. ದೋಣಿ ಎಂದ ಕೂಡಲೇ ಅವನ ಕಣ್ಣೂ ಅರಳಿತು.

"ಭಾವ, ದೋಣಿದು ಆನು ಈವರೆಗೆ ಮಾಡಿದ್ದಿಲ್ಲೆ. ಮೇಲೆ ಕೇಳವು" ಎಂದ. ಮೇಲಿನ ಕಚೇರಿಯಲ್ಲಿ ಕೇಳಬೇಕು ಎಂದರ್ಥ. ಆಮೇಲೆ ಇಬ್ಬರೂ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತು, ಈ ದೋಣಿಗೆ ಏನೇನಾಗಬಹುದು ಎಂದು ಊಹಿಸತೊಡಗಿದೆವು. ಇದರಲ್ಲಿ ಇಷ್ಟು ರುಚಿಯಿದೆ ಎಂದು ನನಗೆ ಗೊತ್ತಿರಲಿಲ್ಲ. ಮುಳುಗಬಹುದು, ಬಂಡೆಗೆ ಬಡಿಯಬಹುದು, ತೇಲಿಹೋಗಬಹುದು, ಕಳುವಾಗಬಹುದು. ಬೇರೆಯವರ ದೋಣಿಗೆ ಗುದ್ದಿದರೆ ಅವರ ನಷ್ಟವನ್ನೂ ಕಂಪನಿ ಕೊಡುತ್ತದೆಯಂತೆ. ಆ ಕೆರೆಯಲ್ಲಿ ಬೇರೆ ದೋಣಿಯೇ ಇಲ್ಲವಲ್ಲ ಎಂದೆ. ಎಮ್ಮೆ ಇರ್ತಲ ಭಾವ ಎಂದ ಗಜಾನನ. ಕೆರೆಯಲ್ಲಿ ಮಲಗಿದ ಎಮ್ಮೆಗೆ ದೋಣಿ ಗುದ್ದಿದರೆ ಅದು ಯಾವ ಲೆಕ್ಕಕ್ಕೆ ಬರುತ್ತದೆ ಎಂಬ ಚರ್ಚೆಯಲ್ಲಿ ಎರಡು ಸಲ ಚಹಾ ಆಯಿತು. ವಿಮೆಯವರೆಂದರೆ ನಮ್ಮ ಪರವಾಗಿ ಎಲ್ಲ ಅನಾಹುತಗಳನ್ನೂ ಮುಂಚಿತವಾಗಿ ಕಲ್ಪಿಸಿಕೊಳ್ಳುವವರು. ಮನೆಯಲ್ಲಿ ಇದನ್ನು ಹೆಂಡತಿ ಮಾಡುತ್ತಾಳೆ, ಅವಳಿಗೆ ಕಂತು ಕಟ್ಟಬೇಕಾಗಿಲ್ಲ, ಅಷ್ಟೇ ವ್ಯತ್ಯಾಸ.

ನನ್ನ ಕೆಟ್ಟ ಚಾಳಿ ಎಂದರೆ ಒಂದು ವಿಷಯ ತಲೆಗೆ ಹೊಕ್ಕರೆ ಅಂಗಡಿಗೆ ಬಂದವರನ್ನೆಲ್ಲ ಅದನ್ನೇ ಕೇಳುವುದು. ಕಣ್ಣು ಪರೀಕ್ಷೆಯ ಯಂತ್ರಕ್ಕೆ ಗದ್ದ ಊರಿ ಕೂತವರು ಎದ್ದು ಹೋಗುವಂತಿಲ್ಲ ನೋಡಿ. ವಾನಳ್ಳಿಯ ಒಬ್ಬ ಅಜ್ಜಿ, ಬಾರದ ಕೇಡನ್ನು ಹೆಸರು ಹೇಳಿ ಕರೆಯಬಾರದು ತಮ್ಮಾ ಎಂದು ಬೈದರು. ಬನವಾಸಿಯ ಕಡೆಯ ಒಬ್ಬ ಕಾಳಿನ ವ್ಯಾಪಾರಿ ಊರಿದ ಗದ್ದ ಎತ್ತಿ, "ನೀರಿಗೆ ಬಿಡದ ದೋಣಿಗೆ ವಿಮೆ ಯಾಕ್ರಿ? ವಿಮೆ ಮಾಡಿಸೂವಷ್ಟು ಹೆದರಿಕಿ ಇದ್ರ ನೀರಿಗೆ ಯಾಕ ಬಿಡ್ತೀರಿ?" ಎಂದರು. ಆ ಮಾತು ನನ್ನ ಗುಟ್ಟಿನ ಮೇಲೇ ಬಂದು ಬಿದ್ದಿತ್ತು. ವಿಮೆಯಾಗದಿದ್ದರೆ ಸರೋಜೆ ಕೂರುವುದಿಲ್ಲ. ವಿಮೆಯಾದರೆ ಅವಳು ಕೂರುತ್ತಾಳೆ, ಆಗ ನಾನೂ ಕೂರಬೇಕು, ದೋಣಿ ನೀರಿಗಿಳಿಯುತ್ತದೆ. ಸೊಂಟಕ್ಕಿಂತ ಮೇಲೆ ನೀರು ಕಂಡರೆ ನಾನು ಹಿಂದಕ್ಕೆ ತಿರುಗುವವನು. ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಎನ್ನುತ್ತಾರಲ್ಲ, ಹಾಗೆ ಈಜು ಬರುವವಳಿಗೆ ದೋಣಿ ಇರಲಿಲ್ಲ, ದೋಣಿ ಕೊಂಡವನಿಗೆ ಈಜು ಬರುತ್ತಿರಲಿಲ್ಲ. ಹಾಗಾಗಿ ಮೇಲಿನ ಕಚೇರಿಯಿಂದ ಉತ್ತರ ಬರುವುದು ತಡವಾದಷ್ಟೂ ನನಗೆ ನೆಮ್ಮದಿಯಾಗುತ್ತಿತ್ತು.

ಈ ನಡುವೆ ದೋಣಿ ಸುಮ್ಮನೆ ಇರಲಿಲ್ಲ. ಅಂಗಳದಲ್ಲಿ ಕವುಚಿ ಹಾಕಿದ ಅದರ ಬೆನ್ನು ಬಿಸಿಲಿಗೆ ಚೆನ್ನಾಗಿ ಕಾಯುತ್ತದೆ ಎಂಬುದನ್ನು ಸರೋಜೆ ಕಂಡುಹಿಡಿದಳು. ಬೇಸಿಗೆ ಬರುವ ಹೊತ್ತಿಗೆ ಅದರ ಮೇಲೆ ಬಿಳಿ ಪಂಚೆ ಹಾಸಿ ಹಲಸಿನ ಹಪ್ಪಳ ಒಣಗಿಸುವುದು ಶುರುವಾಯಿತು. ಹಪ್ಪಳ ಕಾಯುವ ನೆಪದಲ್ಲಿ ನಾನೂ ಪಕ್ಕದಲ್ಲಿ ಕೂತು ದೋಣಿಯ ಭವಿಷ್ಯ ಚಿಂತಿಸುತ್ತಿದ್ದೆ. ನಮ್ಮ ಕಡೆ ಇನ್ನೊಂದು ಪದ್ಧತಿಯಿದೆ. ಯಾರ ಮನೆಯಲ್ಲಿ ಕಾರ್ಯವಿದ್ದರೂ ಸುತ್ತಲಿನ ಮನೆಗಳ ದೊಡ್ಡ ಪಾತ್ರೆಗಳೆಲ್ಲ ಅಲ್ಲಿಗೆ ಹೋಗುತ್ತವೆ. ಹಂಡೆ, ಕೊಪ್ಪರಿಗೆ, ಕಡಾಯಿ ಯಾವುದಕ್ಕೂ ಇಲ್ಲ ಎನ್ನುವಂತಿಲ್ಲ. ಆದರೆ ದೋಣಿಯೂ ದೊಡ್ಡ ಪಾತ್ರೆಯ ಲೆಕ್ಕಕ್ಕೇ ಬರುತ್ತದೆ ಎಂಬುದು ನನಗೆ ತಿಳಿದಿರಲಿಲ್ಲ. ಎದುರುಮನೆಯ ಶಾಂತಕ್ಕನ ಮೊಮ್ಮಗನ ಉಪನಯನದ ಹಿಂದಿನ ದಿನ ನಾನು ಅಂಗಡಿಯಿಂದ ಬರುವಾಗ ಅಂಗಳ ಖಾಲಿಯಾಗಿತ್ತು. ಗಾಬರಿಯಿಂದ ಕೇಳಿದರೆ, ಬಾಳೆಲೆ ಬಾಡಬಾರದು ಎಂದು ನೀರಿನಲ್ಲಿಡಲು ದೋಣಿ ಬೇಕಂತೆ, ಸರೋಜೆ ಕೊಟ್ಟು ಕಳಿಸಿದ್ದಳು. ಖಾಲಿ ಬಿದ್ದುಕೊಂಡಿತ್ತಲ್ಲ, ಏನಾಗುತ್ತದೆ ಎಂದಳು. ಕಳುವು, ಬಂಡೆ, ಎಮ್ಮೆ ಎಲ್ಲವನ್ನೂ ಊಹಿಸಿದ್ದ ನಾನೂ ಗಜಾನನನೂ ಉಪನಯನವನ್ನು ಊಹಿಸಿರಲಿಲ್ಲ.

ಕಂಪನಿಯವರು ದೋಣಿ ನೋಡಲು ಬಂದದ್ದು ಮರುದಿನವೇ, ಸರಿಯಾಗಿ ಊಟದ ಹೊತ್ತಿಗೆ. ಹುಬ್ಬಳ್ಳಿಯ ಕಡೆಯ ಅಧಿಕಾರಿ, ಸಭ್ಯ ಮನುಷ್ಯ. ಗಜಾನನ ಅವರನ್ನು ಕಾರಿನಲ್ಲಿ ಕರೆದುಕೊಂಡು ಬಂದಿದ್ದ. ಅಂಗಳದಲ್ಲಿ ದೋಣಿ ಇಲ್ಲದ್ದನ್ನು ನೋಡಿ, ಕೆರೆಯಲ್ಲಿ ಕಟ್ಟಿದ್ದೀರೇನು ಎಂದು ಕೇಳಿದರು. ನಾನು ಅವರನ್ನು ರಸ್ತೆ ದಾಟಿಸಿ ಶಾಂತಕ್ಕನ ಚಪ್ಪರದ ಹಿಂದೆ ಕರೆದುಕೊಂಡು ಹೋದೆ. ದೋಣಿಯ ತುಂಬ ನೀರು, ನೀರಿನ ತುಂಬ ಬಾಳೆಲೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ತೂತು ಬಿದ್ದು ನೀರು ತುಂಬಿದೆಯೇ ಎಂದು ಮೆಲ್ಲಗೆ ಕೇಳಿದರು. ಶಾಂತಕ್ಕನಿಗೆ ಅವಮಾನವಾದಂತಾಯಿತು. ನಿನ್ನೆ ಸಂಜೆ ತುಂಬಿಸಿದ ನೀರು, ಒಂದು ಹನಿ ಸೋರಿಲ್ಲ, ನೆಲ ಮುಟ್ಟಿ ನೋಡಿ ಎಂದು ಪಟ್ಟು ಹಿಡಿದು ಅವರ ಕೈಯಿಂದ ನೆಲ ಮುಟ್ಟಿಸಿದಳು.

"ಹೊರಗಿನ ನೀರು ಒಳಗ ಬರ್ತದೋ ಇಲ್ಲೋ ನೋಡೂದು ನಮ್ಮ ಕೆಲಸರಿ" ಎಂದು ಅವರು ನನ್ನ ಕಡೆ ತಿರುಗಿದರು. "ಒಳಗಿನ ನೀರು ಹೊರಗ ಹೋಗೂದಿಲ್ಲಂತ ನಾ ಎಲ್ಲಿ ಬರೀಲಿ?"

ಕಾರ್ಯದ ಮನೆಗೆ ಊಟದ ಹೊತ್ತಿಗೆ ಬಂದವರನ್ನು ಹಾಗೇ ಕಳಿಸುವುದುಂಟೇ? ಅದೇ ದೋಣಿಯಿಂದ ತೆಗೆದ ಎಲೆ ಹಾಕಿ ಅವರನ್ನು ನನ್ನ ಪಕ್ಕ ಕೂರಿಸಿದರು. ಸರೋಜೆ ಬಡಿಸುವವರ ಜೊತೆಗಿದ್ದಳು. ಮಾವಿನಕಾಯಿಯ ತಿಳಿಸಾರು ಅಪ್ಪೆಹುಳಿಯನ್ನು ಒಂದು ಗುಟುಕು ಕುಡಿದ ಮೇಲೆ ಅಧಿಕಾರಿಗಳ ಮುಖ ಸಡಿಲವಾಯಿತು. ಕೇಳಬೇಕಾದದ್ದನ್ನೆಲ್ಲ ಅಲ್ಲೇ ಕೇಳತೊಡಗಿದರು. ದೋಣಿ ಎಲ್ಲಿಡುತ್ತೀರಿ, ಎಲ್ಲಿ ಬಿಡುತ್ತೀರಿ, ಎಷ್ಟು ಜನ ಕೂರುತ್ತೀರಿ? ನಾನು ಉತ್ಸಾಹದಿಂದ ತೆಂಗಿನಕಾಯಿ ಮೇಲೆ ಬೀಳುವ ಸಾಧ್ಯತೆಯಿಂದ ಹಿಡಿದು ಎಮ್ಮೆಯವರೆಗೆ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡು, "ಅದೆಲ್ಲಾ ಇರ್ಲಿ ಸರ. ಹುಟ್ಟು ಹಾಕವ್ರು ನೀವ ಅಲ್ರಿ? ಈಜು ಬರ್ತದೇನ್ರಿ?" ಎಂದರು.

ಹೋಳಿಗೆ ಹಿಡಿದು ನಿಂತಿದ್ದ ಸರೋಜೆ ಅಲ್ಲಿಂದ ಕದಲಲಿಲ್ಲ. ನಾನು ಹೋಳಿಗೆ ಸಾಕು ಎಂದೆ. ಅವಳು ಹೋಗಲಿಲ್ಲ. ಇನ್ನೊಂದು ಹಾಕು ಎಂದೆ. ಹಾಕಿ, ಮತ್ತೆ ಅಲ್ಲೇ ನಿಂತಳು. ಕೊನೆಗೆ, ಇಲ್ಲ, ಬರುವುದಿಲ್ಲ ಎಂದೆ. ಇಡೀ ಪಂಕ್ತಿ ಕೇಳಿಸಿಕೊಂಡಿತು. ಅಧಿಕಾರಿಗಳು ನಗಲಿಲ್ಲ. ಹಾಗಿದ್ದರೆ ಚಿಂತೆ ಮಾಡಬೇಕಾದದ್ದು ದೋಣಿಯದಲ್ಲ, ನಿಮ್ಮದು ಎಂದು ಹೇಳಿ ಹೋಳಿಗೆಗೆ ತುಪ್ಪ ಹಾಕಿಸಿಕೊಂಡರು. ಹೋಗುವಾಗ, ಖಾಲಿ ದೋಣಿ ನೀರಿನ ಮೇಲೆ ತೇಲುತ್ತಿರುವ ಒಂದು ಫೋಟೋ ಕಳಿಸಿ, ಮುಂದಿನದು ನೋಡೋಣ, ಅಷ್ಟರೊಳಗೆ ಈಜು ಕಲಿಯಿರಿ ಎಂದರು.

ಸಂಜೆ ದೋಣಿ ತೊಳೆದು ವಾಪಸು ಬಂತು. ಅದನ್ನು ಕವುಚಿ ಹಾಕುವಾಗ ಸರೋಜೆಯನ್ನು ಕೇಳಿದೆ, ಇಷ್ಟಕ್ಕೂ ನಿನಗೆ ಈ ವಿಮೆಯ ಹುಚ್ಚು ಯಾಕೆ ಹಿಡಿಯಿತು ಎಂದು. ನನಗೆ ಒಂದು ಕಡೆ ಸಿಟ್ಟು ಬಂದಿತ್ತು, ಇನ್ನೊಂದು ಕಡೆ ನಿಜಕ್ಕೂ ಕುತೂಹಲವಿತ್ತು.

"ಈಜು ಕಲೀರಿ ಹೇಳಿ ಆನು ಹೇಳಿದ್ರೆ ನಿಂಗ ಕೇಳ್ತಿದ್ರಿಲ್ಲೆ" ಎಂದಳು. "ವಿಮೆಯವ್ರು ಬಂದ್ರೆ ಈಜು ಬತ್ತಾ ಹೇಳಿ ಕೇಳೇ ಕೇಳ್ತ ಅಂದ್ಕಂಡಿದ್ದೆ. ನಾಕು ಜನರ ಎದ್ರಿಗೆ ಕೇಳಿದ್ದು ಒಳ್ಳೇದೇ ಆತು." ದೋಣಿಯ ಬೆನ್ನಿನ ಮೇಲೆ ಕೈಯಾಡಿಸಿದಳು. "ದೋಣಿ ಮಗುಚಿದ್ರೆ ಆನು ಈಜ್ಕಂಡು ಬತ್ತೆ. ಒಬ್ಳೇ ದಡಕ್ಕೆ ಬಂದು ಎಂತ ಮಾಡವು?"

ದೋಣಿ ಕೊಂಡದ್ದು ವ್ಯಾಯಾಮಕ್ಕಲ್ಲ ಎಂದು ಆಗಲಾದರೂ ಹೇಳಬಹುದಾಗಿತ್ತು. ನಾನು ಹೇಳಿದ್ದು, ಕಲಿಯುತ್ತೇನೆ ಎಂದಷ್ಟೇ. ಅವಳು ಅದನ್ನು ಸರಿಯಾಗಿಯೇ ಅರ್ಥ ಮಾಡಿಕೊಂಡಳು ಎಂದುಕೊಂಡಿದ್ದೇನೆ. ಯಾಕೆಂದರೆ ಮರುದಿನ ಚಹಾದ ಜೊತೆ ಹೊಸ ಹಪ್ಪಳ ಸುಟ್ಟು ಕೊಟ್ಟಳು.

ಹಾಗೆ ನಾನು ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನಲ್ಲಿ ಸರೋಜೆಯ ತವರಿನ ಕೆರೆಯಲ್ಲಿ ಈಜು ಕಲಿಯಲು ಇಳಿದೆ. ಅಲ್ಲಿ ಈಜು ಕಲಿಯುವವರಿಗೆ ಸಿಪ್ಪೆ ಸುಲಿಯದ ಎರಡು ಒಣ ತೆಂಗಿನಕಾಯಿಗಳನ್ನು ಜೋಡಿಸಿ ಬೆನ್ನಿಗೆ ಕಟ್ಟುತ್ತಾರೆ, ಅವು ಮುಳುಗಲು ಬಿಡುವುದಿಲ್ಲ. ಚಿಕ್ಕ ಮಕ್ಕಳಿಗೆ ಕಟ್ಟುವ ಹಗ್ಗ ನನ್ನ ಹೊಟ್ಟೆಗೆ ಸಾಲದೆ ಸರೋಜೆಯ ಅಣ್ಣ ಹಸುವನ್ನು ಕಟ್ಟುವ ದಾಬಿನ ಹಗ್ಗ ಬಿಚ್ಚಿ ತಂದರು. ಕನ್ನಡಕ ತೆಗೆದು ದಡದಲ್ಲಿಟ್ಟೆ. ಊರಿಗೆಲ್ಲ ಕಣ್ಣು ಕೊಡುವವನಿಗೆ ಆಗ ಕಂಡದ್ದು ಬರೀ ಹಸಿರು, ಅದರ ನಡುವೆ ಒಂದು ನೀಲಿ ಮಚ್ಚೆ. ಆ ನೀಲಿಯೇ ನಮ್ಮ ದೋಣಿ. ಅದರೊಳಗೆ ಸರೋಜೆ ಹುಟ್ಟು ಹಿಡಿದು ಕೂತಿದ್ದಳು. ವಿಮೆ ಇನ್ನೂ ಆಗಿಲ್ಲವಲ್ಲ ಎಂದು ಕೂಗಿದೆ. ಕಾಯಲು ಒಬ್ಬರು ಬೇಡವೇ, ಮಾತಾಡದೆ ಕಾಲು ಬಡಿಯಿರಿ ಎಂದಳು. ಅವಳು ನನ್ನ ಸುತ್ತ ದೋಣಿ ತಿರುಗಿಸುತ್ತ, ನಾನು ನೀರು ಕುಡಿಯುತ್ತ, ಆ ಬೆಳಗು ಕಳೆಯಿತು. ಅವಳನ್ನು ದೋಣಿಯಲ್ಲಿ ಕೂರಿಸಿ ನೋಡಬೇಕೆಂಬ ಆಸೆಯೇನೋ ಈಡೇರಿತು, ನೋಡಲು ಕನ್ನಡಕವೊಂದು ಇರಲಿಲ್ಲ. ಆದರೆ ಒಮ್ಮೆ ಅವಳು ದೋಣಿಯಲ್ಲಿ ಎದ್ದು ನಿಂತಳು. ಅದು ನನಗೆ ಕನ್ನಡಕ ಇಲ್ಲದೆಯೂ ಕಂಡಿತು.

ದಡದಲ್ಲಿದ್ದ ಗಜಾನನ ಅಷ್ಟರಲ್ಲಿ ಫೋಟೋ ತೆಗೆದಿದ್ದ. ಖಾಲಿ ದೋಣಿ ಬೇಕೆಂದಿದ್ದರೂ ಸರೋಜೆ ಇಳಿಯಲು ಒಪ್ಪಲಿಲ್ಲವಾದ್ದರಿಂದ ಅದನ್ನೇ ಕಳಿಸಿದ. ಎರಡು ದಿನ ಬಿಟ್ಟು ಹುಬ್ಬಳ್ಳಿಯಿಂದ ಫೋನ್ ಬಂತು. ನಾನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟೆ. ನನ್ನ ತಲೆಯ ಮೇಲೆ ಕೂದಲಿಲ್ಲ ಎಂಬುದನ್ನು ಈವರೆಗೆ ಹೇಳುವ ಸಂದರ್ಭ ಬಂದಿರಲಿಲ್ಲ, ಈಗ ಹೇಳದೆ ಗತಿಯಿಲ್ಲ.

"ಸರ, ಫೋಟೋ ಭಾಳ ಚಲೋ ಬಂದೈತ್ರಿ" ಎಂದರು ಅಧಿಕಾರಿಗಳು. "ದೋಣಿ ಕಾಣ್ತದ, ಮೇಡಮ್ಮೋರು ಕಾಣ್ತಾರ. ಬಾಜೂಕ ನೀರಾಗ ಮೂರು ತೆಂಗಿನಕಾಯಿ ತೇಲಾಕತ್ತಾವಲ್ರಿ, ಅವಕ್ಕೂ ವಿಮೆ ಬೇಕೇನ್ರಿ?"

ನಾನು ಬಾಯಿ ತೆರೆಯುವ ಮೊದಲೇ ಸರೋಜೆ ಫೋನಿನ ಹತ್ತಿರ ಬಗ್ಗಿದಳು.

"ಅದರಲ್ಲಿ ಎರಡಕ್ಕೆ ಬೇಡ" ಎಂದಳು.