ಎಲೆಯಡಿಕೆಗೆ ಹೋದ ಸೈಕಲ್ ಲೆಕ್ಕ

ಸೈಕಲ್ಲಿನಿಂದ ಬಿದ್ದ ಮನುಷ್ಯ ಮೊಣಕಾಲು ನೋಡಿಕೊಳ್ಳುವ ಮೊದಲು, ಯಾರಾದರೂ ನೋಡಿದರೇನೋ ಎಂದು ಸುತ್ತಮುತ್ತ ನೋಡುತ್ತಾನೆ. ಯಾರೂ ಇಲ್ಲದಿದ್ದರೆ ಅರ್ಧ ನೋವು ಅಲ್ಲೇ ಮಾಯ. ನನ್ನ ಹಣೆಬರಹಕ್ಕೆ ನಾನು ಬೀಳುತ್ತಿದ್ದದ್ದು ನಮ್ಮ ಮನೆಯ ಎದುರಿಗೇ. ನೋಡುತ್ತಿದ್ದವಳು ಜಗುಲಿಯ ಮೇಲೆ ಕೂತ ನನ್ನ ಹೆಂಡತಿ ಗೌರಮ್ಮ. ತಪ್ಪು ನನ್ನದಲ್ಲ ಸ್ವಾಮಿ, ಸೈಕಲ್ಲಿನದಂತೂ ಅಲ್ಲವೇ ಅಲ್ಲ. ಚನ್ನಗಿರಿಯಿಂದ ತ್ಯಾವಣಿಗೆ ಕಡೆಗೆ ಹೋಗುವ ನಮ್ಮ ಬೀದಿಗೆ, ಗಾಡಿಚಕ್ರ ಹೂತುಕೊಳ್ಳಬಾರದೆಂದು ದಪ್ಪ ಜಲ್ಲಿ ಸುರಿದಿದ್ದರು. ಎತ್ತಿಗೂ ಗಾಡಿಗೂ ಅದರಿಂದ ಸುಖವೇ. ಸೈಕಲ್ ಹೊಡೆದರೆ ಮಾತ್ರ, ಬೆಳಿಗ್ಗೆ ತಿಂದ ರೊಟ್ಟಿ ಹೊಟ್ಟೆಯಲ್ಲಿ ಮತ್ತೆ ಹಿಟ್ಟಾಗುತ್ತಿತ್ತು. ಒಂದು ದಿನ ನನ್ನ ಮೊಣಕೈಗೆ ಅರಿಸಿನ ಮೆತ್ತುತ್ತಾ ಗೌರಮ್ಮ ತೀರ್ಪು ಕೊಟ್ಟೇಬಿಟ್ಟಳು.

“ಇನ್ನೊಂದ್ ಸಲ ಬಿದ್ರೆ ನೋಡ್ರಿ, ಈ ಸೈಕಲ್ಲು ಜಗಳೂರಿಗೆ ಹೋಗ್ತೈತೆ. ನನ್ ತಮ್ಮನಾದ್ರೂ ನೆಟ್ಟಗೆ ಹೊಡೀತಾನೆ.”

ಆ ಭಾವಮೈದ ನಮ್ಮ ಮನೆಗೆ ಬಂದಾಗಲೆಲ್ಲ ಅಕ್ಕನನ್ನು ಮಾತನಾಡಿಸುವ ಮೊದಲು ನನ್ನ ಸೈಕಲ್ಲಿನ ಗಂಟೆ ಬಾರಿಸಿ ನೋಡುತ್ತಿದ್ದ. ನಾನೋ ಅದಕ್ಕೆ ದಿನಾ ಕೊಬ್ಬರಿ ಎಣ್ಣೆಯ ಬಟ್ಟೆ ಹಿಡಿಯುವವನು. ನನ್ನ ತಲೆಗೆ ಎಣ್ಣೆ ಕಾಣದ ವಾರಗಳಿದ್ದವು, ಸೈಕಲ್ಲಿಗೆ ಇರಲಿಲ್ಲ. ಅದನ್ನು ಬಿಟ್ಟುಕೊಡುವುದೆಂದರೇನು! ಸೈಕಲ್ ಉಳಿಯಬೇಕಾದರೆ ನಾನು ಬೀಳಬಾರದು, ನಾನು ಬೀಳಬಾರದೆಂದರೆ ಬೀದಿ ಸರಿಯಾಗಬೇಕು.

ಅದು ಎರಡನೇ ಮಹಾಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನ ಮೇಲೆ ಓಡುತ್ತಿದ್ದವು. ಓಡುತ್ತಿದ್ದವು ಎಂಬುದು ಮರ್ಯಾದೆಯ ಮಾತು. ಅವಕ್ಕೆ ಬೆಂಕಿ ಹೊತ್ತಿಸಿ, ಗಾಳಿ ಊದುವ ಚಕ್ರ ತಿರುವಿ, ಏರು ಬಂದಾಗ ಪ್ರಯಾಣಿಕರೇ ಇಳಿದು ನೂಕಿ ಹೊನ್ನಾಳಿ ಮುಟ್ಟಿಸಬೇಕಿತ್ತು. ಹೀಗಾಗಿ ಊರಿನಲ್ಲಿ ಕಾಲಿದ್ದವರೆಲ್ಲ ಸೈಕಲ್ ಹತ್ತಿದರು. ಬೀದಿಯ ಒಂದು ಬದಿಗೆ ಸೈಕಲ್ಲಿಗೆಂದೇ ಗರಸು ಮಣ್ಣು ಹಾಕಿ, ನೀರು ಹೊಡೆದು, ನುಣ್ಣಗೆ ದಿಮ್ಮಸು ಬಡಿಸಿಕೊಡಿ ಎಂಬ ಕೂಗು ನಮ್ಮ ಮುನಿಸಿಪಾಲಿಟಿಗೆ ಬಂತು. ನಾನು ಅಲ್ಲಿಯೇ ಗುಮಾಸ್ತ. ಕೂಗಿದವರಲ್ಲಿ ನನ್ನ ದನಿಯೇ ದೊಡ್ಡದು. ತೊಡಕೇನೆಂದರೆ ಇದ್ದ ಗರಸು ಒಂದೇ ಬೀದಿಗೆ ಸಾಲುವಷ್ಟು. ಹೊನ್ನಾಳಿ ಕಡೆಯ ಬೀದಿಯವರೂ ಅದನ್ನೇ ಕೇಳುತ್ತಿದ್ದರು. ಅವರ ಪರವಾಗಿ ನಿಂತವನು ಆ ಬೀದಿಯಲ್ಲೇ ಮನೆ ಮಾಡಿದ್ದ, ನನ್ನ ಪಕ್ಕದ ಮೇಜಿನ ಗುಮಾಸ್ತ ಸಿದ್ದಲಿಂಗಪ್ಪ.

ನಮ್ಮ ಪ್ರೆಸಿಡೆಂಟರು ಅಡಿಕೆ ಬೆಳೆಗಾರರು, ಬಾಯಿಮಾತಿಗೆ ಮರುಳಾಗುವವರಲ್ಲ. “ನಿಮ್ ಬಾಯಿ ಜೋರೈತೆ ಅಂತ ಗರಸು ಹಾಕಾಕಾಗಲ್ಲ. ಸಂತೆ ದಿನ ಇಬ್ರೂ ನಿಮ್ ನಿಮ್ ಬೀದೀಲಿ ಕುಂತು ಸೈಕಲ್ ಎಣಿಸ್ರಿ. ಯಾವ ಕಡೆ ಜಾಸ್ತಿನೋ ಆ ಕಡೀಗೆ ಗರಸು,” ಎಂದರು. ಯುದ್ಧದ ದೆಸೆಯಿಂದ ಕಾಗದಕ್ಕೂ ಬರ. ಗೀಟು ಎಳೆಯಲು ಒಂದು ಹಾಳೆಯೂ ಸಿಗದು ಎಂದು ಮೊದಲೇ ಹೇಳಿಬಿಟ್ಟರು.

ಸಿದ್ದಲಿಂಗಪ್ಪ ಸೈಕಲ್ಲಿಗೊಂದರಂತೆ ತಟ್ಟೆಗೆ ಹರಳು ಹಾಕುವುದೆಂದು ಹಳ್ಳದಿಂದ ಒಂದು ಚೀಲ ಹರಳು ತಂದ. ನನಗೆ ಹಳ್ಳದವರೆಗೆ ಹೋಗಲು ಸೋಮಾರಿತನ. ನಮ್ಮ ಬೀದಿಯಲ್ಲಿ ಅಡಿಕೆ ಮಂಡಿ ಇಟ್ಟಿದ್ದ ಮಲ್ಲಪ್ಪನವರ ಕಟ್ಟೆಯ ಮೇಲೆ ಕೂತು, ಅವರಿಂದಲೇ ಒಂದು ಬುಟ್ಟಿ ಅಡಿಕೆ ಕಡ ತೆಗೆದುಕೊಂಡೆ. ಸೈಕಲ್ ಬಂದರೆ ಬುಟ್ಟಿಯಿಂದ ಒಂದು ಅಡಿಕೆ ಹಿತ್ತಾಳೆ ತಟ್ಟೆಗೆ. ಸಂಜೆ ತಟ್ಟೆ ಎಣಿಸಿದರಾಯಿತು. ಇದಕ್ಕಿಂತ ಸುಲಭ ಯಾವುದು?

ನಮ್ಮೂರಿನಲ್ಲಿ ಒಬ್ಬ ಮನುಷ್ಯ ಕಟ್ಟೆಯ ಮೇಲೆ ಅಡಿಕೆ ತಟ್ಟೆ ಇಟ್ಟುಕೊಂಡು ಕೂತರೆ ಏನರ್ಥ ಎಂಬುದು ಹಾಲು ಕುಡಿಯುವ ಕೂಸಿಗೂ ಗೊತ್ತು. ನನಗೆ ಆ ಬೆಳಿಗ್ಗೆ ಹೊಳೆಯಲಿಲ್ಲ, ಅಷ್ಟೆ. ಮೊದಲು ಬಂದವರೇ ಸೈಕಲ್ ನಿಲ್ಲಿಸಿ, ಕಟ್ಟೆಗೆ ಒಂದು ಕಾಲು ಊರಿ, “ಏನ್ರೀ ಗುಮಾಸ್ತ್ರೇ, ಏನ್ ವಿಶೇಷ?” ಎನ್ನುತ್ತಾ ತಟ್ಟೆಗೆ ಕೈ ಹಾಕಿದರು. ನಾನು ಆಗಷ್ಟೇ ಅವರ ಲೆಕ್ಕಕ್ಕೆ ಹಾಕಿದ್ದ ಅಡಿಕೆ ಅದು.

“ಅದನ್ನ ಮುಟ್ಟಬೇಡ್ರಿ, ಅದು ನೀವೇ!” ಎಂದೆ.

“ನಾನೇ ಆದ್ಮೇಲೆ ನಂದೇ ಅಲ್ವೇನ್ರೀ,” ಎಂದು ಬಾಯಿಗೆ ಹಾಕಿಕೊಂಡೇ ಹೋದರು.

ಅಡಿಕೆ ಇಟ್ಟುಕೊಂಡು ಕೊಡದವನು ಎಂಬ ಹೆಸರು ಬಂದರೆ ಈ ಊರಿನಲ್ಲಿ ಬಾಳುವುದುಂಟೇ? ತಟ್ಟೆಯನ್ನು ನಾನೇ ಮುಂದಕ್ಕೆ ಸರಿಸಿದೆ. ಅಷ್ಟರಲ್ಲಿ ಗೌರಮ್ಮ, ಗಂಡ ಬೀದಿಯಲ್ಲಿ ಬರೀ ಅಡಿಕೆ ಇಟ್ಟುಕೊಂಡು ಕೂತರೆ ಮನೆತನದ ಮಾನ ಹೋಗುತ್ತದೆಂದು ಒಂದು ಕಟ್ಟು ವೀಳ್ಯದೆಲೆ, ಸುಣ್ಣದ ಡಬ್ಬಿ ತಂದಿಟ್ಟು ಹೋದಳು. ಮುಗಿಯಿತು! ಸೈಕಲ್ಲುಗಳು ಬಂದವು, ನಿಂತವು, ಅಗಿದವು, ಎದುರಿನ ಸುಣ್ಣದ ಗೋಡೆಗೆ ಉಗಿದು ಮುಂದೆ ಹೋದವು. ಬೆಳಿಗ್ಗೆ ಪ್ರೆಸಿಡೆಂಟರೂ ತಮ್ಮ ಸೈಕಲ್ಲಿನಲ್ಲಿ ತನಿಖೆಗೆ ಬಂದು, ಬರುತ್ತಾ ಒಂದು, ಹೋಗುತ್ತಾ ಒಂದು ಎತ್ತಿಕೊಂಡರು. ಲೆಕ್ಕ ಕರಗುವುದನ್ನು ನೋಡಿ ನೋಡಿ ನನಗೂ ಗಾಬರಿ. ಗಾಬರಿಯಾದರೆ ನನ್ನ ಕೈ ತಾನಾಗಿ ಎಲೆಗೆ ಸುಣ್ಣ ಹಚ್ಚುತ್ತದೆ.

ಸಂಜೆ ಸಿದ್ದಲಿಂಗಪ್ಪ ಹರಳು ತುಂಬಿದ ತಟ್ಟೆಯನ್ನು ಹಿಡಿದು ಮದುಮಗನ ಹಾಗೆ ಬಂದ. ನನ್ನ ತಟ್ಟೆಯಲ್ಲಿ ಯಾರಿಗೂ ಬೇಡವಾದ ಎರಡು ಚಟ್ಟು ಅಡಿಕೆ ಬಿದ್ದಿದ್ದವು. ಜಗಳೂರಿನ ಭಾವಮೈದ ಗಂಟೆ ಬಾರಿಸಿದ್ದು ನನಗೆ ಅಲ್ಲಿಗೇ ಕೇಳಿಸಿತು.

ಪ್ರೆಸಿಡೆಂಟರು ತಟ್ಟೆ ನೋಡಿದರು, ನನ್ನ ಕೆಂಪು ತುಟಿ ನೋಡಿದರು. “ನಾನೇ ಎರಡು ತಿಂದೀನಲ್ರೀ! ತಟ್ಟೆ ಬಿಡ್ರಿ, ಆ ಗೋಡೆ ನೋಡಾನ,” ಎಂದರು. ಬೆಳಿಗ್ಗೆ ಬೆಳ್ಳಗಿದ್ದ ಗೋಡೆ ಈಗ ಓಕುಳಿ ಆಡಿದ ಹಾಗಿತ್ತು. ಸಿದ್ದಲಿಂಗಪ್ಪ ಬಿಟ್ಟಾನೆಯೇ? “ಸ್ವಾಮಿ, ನಡ್ಕೊಂಡ್ ಹೋಗೋರೂ ಉಗುಳಿರ್ತಾರೆ,” ಎಂದ.

ಪ್ರೆಸಿಡೆಂಟರು ಗೋಡೆಯ ಹತ್ತಿರ ಹೋಗಿ ನಿಂತು, ಕಲೆಗಳ ಎತ್ತರಕ್ಕೆ ಕೈ ಹಿಡಿದರು. “ನಡ್ಕೊಂಡ್ ಹೋಗೋನು ಬಗ್ಗಿ ಬುಡಕ್ಕೆ ಉಗುಳ್ತಾನೆ ಕಣಪ್ಪಾ. ಇಷ್ಟ್ ಎತ್ತರಕ್ಕೆ ಬೀಳಬೇಕಂದ್ರೆ ಸೀಟಿನ ಮೇಲೇ ಕುಂತು ಉಗುಳಬೇಕು. ಇವನ್ನ ಎಣಿಸ್ರಿ!”

ಸಿದ್ದಲಿಂಗಪ್ಪನೇ ಕಲೆಗೊಂದು ಹರಳು ತೆಗೆದಿಡುತ್ತಾ ಎಣಿಸಿದ. ಗೋಡೆಯ ಅರ್ಧಕ್ಕೇ ಅವನ ಹರಳುಗಳು ಮುಗಿದುಹೋದವು. ನಾನು ನಾಚಿಕೆಯನ್ನೆಲ್ಲ ಬಿಟ್ಟು ಆ ಗೋಡೆಗೆ ಕೈ ಮುಗಿದೆ.

ಗರಸು ಬಂತು, ದಿಮ್ಮಸು ಬಡಿದರು. ಅಂಗೈಯಷ್ಟು ನುಣುಪಾದ ಹಾದಿ ನಮ್ಮ ಮನೆಯ ಮುಂದೆಯೇ ಹಾದುಹೋಯಿತು. ಮೊದಲ ದಿನ ಅದರ ಮೇಲೆ ಕಚೇರಿಗೆ ಹೋದಾಗ, ಆಹಾ, ರೊಟ್ಟಿ ರೊಟ್ಟಿಯಾಗಿಯೇ ಉಳಿಯಿತು! ಸಂಜೆ ಅದೇ ಸಂತೋಷದಲ್ಲಿ ಗಂಟೆ ಬಾರಿಸುತ್ತಾ ಬರುತ್ತೇನೆ, ಹಾದಿಯ ಉದ್ದಕ್ಕೂ ಚಾಪೆ. ಚಾಪೆಯ ಮೇಲೆ ಬೇಯಿಸಿದ ಅಡಿಕೆ. ಇಷ್ಟು ನುಣುಪಾದ, ಇಷ್ಟು ಬಿಸಿಲು ಬೀಳುವ ಜಾಗವನ್ನು ಸೈಕಲ್ಲಿಗೆ ಬಿಡಲು ಚನ್ನಗಿರಿಯ ಹೆಂಗಸರಿಗೇನು ಹುಚ್ಚೇ? ಮೊದಲನೆಯ ಚಾಪೆ ನಮ್ಮ ಮನೆಯದೇ. ತಪ್ಪಿಸಲು ಹ್ಯಾಂಡಲ್ ತಿರುಗಿಸಿದೆ, ಜಲ್ಲಿಯ ಮೇಲೆ ಹೋಗಿ ಧೊಪ್ಪನೆ ಬಿದ್ದೆ.

ಗೌರಮ್ಮ ಓಡಿ ಬಂದಳು, ಚಾಪೆಯ ಹತ್ತಿರಕ್ಕೆ. ಅಡಿಕೆಯೆಲ್ಲ ಇದ್ದಲ್ಲೇ ಇದೆ ಎಂದು ಕಣ್ಣಾಡಿಸಿದ ಮೇಲೆ ನನ್ನ ಕಡೆ ತಿರುಗಿದಳು. ಸೈಕಲ್ ಹೋಯಿತೆಂದು ನಾನು ಕಣ್ಣು ಮುಚ್ಚಿದೆ.

“ಜಲ್ಲಿ ಕಡೆ ಬಿದ್ರಿ, ಸದ್ಯ,” ಎಂದಳು, ಬಹಳ ದಿನದ ಮೇಲೆ ಪ್ರೀತಿಯಿಂದ. “ಇನ್ ಮ್ಯಾಲೂ ಹಿಂಗೇ ಬೀಳ್ರಿ. ಅಡಿಕೆ ಮೇಲ್ ಬಿದ್ರೆ ಮಾತ್ರ ಸೈಕಲ್ಲು ನನ್ ತಮ್ಮಂದು.”

ಸೈಕಲ್ ಇವತ್ತಿಗೂ ನನ್ನ ಬಳಿಯೇ ಇದೆ. ಜಲ್ಲಿಯ ಕಡೆ ನಾನು ಎಷ್ಟು ಸಲ ಬಿದ್ದೆನೆಂಬ ಲೆಕ್ಕವನ್ನು ಯಾರೂ ಕೇಳಿಲ್ಲ. ಕೇಳಿದರೆ ಹೇಳಿಬಿಡುತ್ತೇನೆ, ಆದರೆ ಅದನ್ನು ಮಾತ್ರ ಅಡಿಕೆಯಲ್ಲಿ ಇಡುವುದಿಲ್ಲ.